ಟೈರ್ ಮೇಲಿನ ಅಂಕಿ ಓದುವುದು ಹೇಗೆ? ನಡುವಿನ ನಂಬರ್ ಬಿಡಬೇಡಿ

ಕಲಬುರಗಿಯ ರಿಂಗ್ ರೋಡಿನ ಟೈರ್ ಅಂಗಡಿಗಳ ಮುಂದೆ ಸ್ವಲ್ಪ ಹೊತ್ತು ನಿಂತರೆ ಒಂದೇ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: 'ಹದಿನೈದರ ಟೈರ್ ಕೊಡ್ರಿ.' ಗಿರಾಕಿ ಅಷ್ಟೇ ಹೇಳುತ್ತಾರೆ. ಅಂಗಡಿಯವರು ಸ್ಟಾಕಿನಲ್ಲಿ ಇರುವುದನ್ನು ತರುತ್ತಾರೆ. ಅನುಮಾನ ಬಂದು ಕೇಳಿದರೆ 'ಕೂಡ್ತದ್ರೀ ಸರ, ರಿಮ್ ಒಂದೇ ಅದ' ಎನ್ನುತ್ತಾರೆ. ರಿಮ್ಮಿಗೆ ಕೂಡುವುದು ನಿಜ. ಆದರೆ ರಿಮ್ಮಿಗೆ ಕೂಡಿದ ಟೈರೆಲ್ಲ ಗಾಡಿಗೆ ಕೂಡುವುದಿಲ್ಲ.

ಎಲ್ಲ ವಿವರವೂ ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಉದಾಹರಣೆಗೆ ನಮ್ಮಲ್ಲಿ ಬಹಳ ಕಾರುಗಳಿಗೆ ಬರುವ ಸೈಜನ್ನೇ ತೆಗೆದುಕೊಳ್ಳೋಣ: 185/65 ಆರ್15 88ಎಚ್.

1. ಮೊದಲು ಸ್ಟಿಕರ್ ನೋಡಿ

ಹಳೆ ಟೈರ್ ನೋಡಿ ಸೈಜ್ ಬರೆದುಕೊಳ್ಳಬೇಡಿ. ಗಾಡಿ ಸೆಕೆಂಡ್ ಹ್ಯಾಂಡ್ ಆಗಿದ್ದರೆ ಹಿಂದಿನವರು ತಪ್ಪು ಸೈಜ್ ಹಾಕಿಸಿರಬಹುದು. ಡ್ರೈವರ್ ಬಾಗಿಲು ತೆಗೆದರೆ ಪಕ್ಕದ ಕಂಬದ ಮೇಲೆ ಕಂಪನಿ ಅಂಟಿಸಿದ ಸ್ಟಿಕರ್ ಇರುತ್ತದೆ. ಅದರಲ್ಲಿ ಸೈಜೂ ಇದೆ, ಎಷ್ಟು ಹವಾ ಹಾಕಿಸಬೇಕು ಎನ್ನುವುದೂ ಇದೆ. ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಸ್ಟಿಕರ್ ಕಿತ್ತುಹೋಗಿದ್ದರೆ ಗಾಡಿ ಜೊತೆ ಕೊಟ್ಟ ಪುಸ್ತಕ ನೋಡಿ.

2. 185 ಮತ್ತು 65: ಎಡವುವುದು ಇಲ್ಲೇ

185 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಇದು ಸುಲಭ. ಮುಂದಿನ 65 ಮಿಲಿಮೀಟರ್ ಅಲ್ಲ, ಇಂಚೂ ಅಲ್ಲ. ಅದು ಶೇಕಡಾ ಲೆಕ್ಕ. ರಿಮ್ಮಿನ ಅಂಚಿನಿಂದ ನೆಲ ಮುಟ್ಟುವ ಭಾಗದವರೆಗೆ ಟೈರಿನ ಎತ್ತರ ಅಗಲದ ಶೇ 65ರಷ್ಟು ಇದೆ ಎಂದರ್ಥ. 185ರ ಶೇ 65 ಎಂದರೆ ಸುಮಾರು 120 ಮಿ.ಮೀ.

ಇಡೀ ಗಾಲಿಯ ಎತ್ತರ ಹೀಗೆ ಸಿಗುತ್ತದೆ. ಮೇಲೆ 120, ಕೆಳಗೆ 120, ನಡುವೆ ರಿಮ್. ಒಂದು ಇಂಚಿಗೆ 25.4 ಮಿ.ಮೀ. ಲೆಕ್ಕದಲ್ಲಿ 15 ಇಂಚಿನ ರಿಮ್ 381 ಮಿ.ಮೀ. ಆಗುತ್ತದೆ. ಒಟ್ಟು ಸುಮಾರು 621 ಮಿ.ಮೀ.

ಈಗ ಅಂಗಡಿಯವರು 185/60 ಆರ್15 ತಂದರು ಎಂದುಕೊಳ್ಳಿ. ಅಗಲ ಅದೇ, ರಿಮ್ಮೂ ಅದೇ. ನಡುವಿನ ನಂಬರ್ ಮಾತ್ರ 65 ಹೋಗಿ 60 ಆಗಿದೆ. ಪಕ್ಕದ ಎತ್ತರ 111ಕ್ಕೆ ಇಳಿಯುತ್ತದೆ, ಗಾಲಿ 603 ಮಿ.ಮೀ. ಆಗುತ್ತದೆ. ಗಾಡಿ ನೆಲಕ್ಕೆ 9 ಮಿ.ಮೀ. ಹತ್ತಿರವಾಯಿತು. ಚಿಕ್ಕ ಗಾಲಿ ಅದೇ ದೂರಕ್ಕೆ ಹೆಚ್ಚು ಸುತ್ತು ತಿರುಗಬೇಕು. ಹಾಗಾಗಿ ಮೀಟರಿನಲ್ಲಿ 100 ತೋರಿಸುವಾಗ ಗಾಡಿ ಹಿಂದಿಗಿಂತ ಶೇ 3ರಷ್ಟು ನಿಧಾನ ಓಡುತ್ತಿರುತ್ತದೆ. ಕಿಲೋಮೀಟರ್ ಮಾತ್ರ ಜಾಸ್ತಿ ಏರುತ್ತದೆ. ಇದಕ್ಕಿಂತ ದೊಡ್ಡ ನಷ್ಟ ತಗ್ಗುಗಳಲ್ಲಿ. ಹಳ್ಳಿ ರಸ್ತೆಯ ತಗ್ಗಿನ ಏಟನ್ನು ತಡೆಯುವುದು ಆ ಪಕ್ಕದ ರಬ್ಬರೇ. ಅದು ಕಡಿಮೆಯಾದಷ್ಟೂ ಏಟು ನೇರವಾಗಿ ರಿಮ್ಮಿಗೆ ಬೀಳುತ್ತದೆ.

ಇನ್ನೊಂದು ತಪ್ಪು ಇದರ ಉಲ್ಟಾ. 'ಸ್ವಲ್ಪ ಅಗಲ ಹಾಕಿಸ್ತೀನಿ, ಎತ್ತರ ಅದೇ ಇರಲಿ' ಎಂದು 195/65 ಆರ್15 ಹಾಕಿಸುತ್ತಾರೆ. 65 ಹಾಗೇ ಇದೆಯಲ್ಲ ಎಂಬ ಧೈರ್ಯ. ಆದರೆ ಅದು ಶೇಕಡಾ ಅಲ್ವಾ? 195ರ ಶೇ 65 ಎಂದರೆ ಸುಮಾರು 127. ಗಾಲಿ 634 ಮಿ.ಮೀ. ದಾಟುತ್ತದೆ. ಅಗಲ ಬೆಳೆದರೆ ಎತ್ತರವೂ ತಾನಾಗಿ ಬೆಳೆಯುತ್ತದೆ. ಮೀಟರ್ ಈಗ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಬಹುದು. ಪೂರ್ತಿ ಸ್ಟೇರಿಂಗ್ ತಿರುಗಿಸಿದಾಗ ಟೈರ್ ಒಳಗೆ ಉಜ್ಜಲೂಬಹುದು.

ದೊಡ್ಡ ರಿಮ್ ಬೇಕೆನ್ನುವವರು 195/55 ಆರ್16 ಲೆಕ್ಕ ಹಾಕಿ ನೋಡಿ. ರಿಮ್ ಒಂದು ಇಂಚು ಬೆಳೆದಿದೆ, ಶೇಕಡಾ 55ಕ್ಕೆ ಇಳಿದಿದೆ, ಒಟ್ಟು ಎತ್ತರ ಮತ್ತೆ 621ರ ಹತ್ತಿರವೇ ಬರುತ್ತದೆ. ಲೆಕ್ಕ ಸರಿ. ಆದರೂ ನಮ್ಮ ಜಿಲ್ಲೆಯ ರಸ್ತೆಗಳಿಗೆ ನಾನು 15ನ್ನೇ ಇಟ್ಟುಕೊಳ್ಳಿ ಎನ್ನುತ್ತೇನೆ. 16ರಲ್ಲಿ ಪಕ್ಕದ ರಬ್ಬರ್ 107 ಮಿ.ಮೀ. ಮಾತ್ರ ಉಳಿಯುತ್ತದೆ. ನೋಡಲು ಚೆಂದ, ತಗ್ಗಿನಲ್ಲಿ ದುಬಾರಿ.

3. ಆರ್ ಮತ್ತು 15

ಆರ್ ಎಂದರೆ ರೇಡಿಯಲ್, ಅಂದರೆ ಒಳಗಿನ ದಾರಗಳನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹಾಯಿಸಿದ ಟೈರ್. 15 ಎಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ.

4. 88ಎಚ್: ಭಾರ ಮತ್ತು ವೇಗ

88 ಕಿಲೋ ಅಲ್ಲ, ಅದೊಂದು ಕೋಡ್. 88 ಎಂದರೆ ಒಂದು ಟೈರ್ 560 ಕಿಲೋ ಹೊರುತ್ತದೆ. 84 ಎಂದರೆ 500, 91 ಎಂದರೆ 615. ಮೇಲೆ ಹೇಳಿದ 185/60 ಆರ್15 ಸಾಮಾನ್ಯವಾಗಿ 84ರಲ್ಲೇ ಬರುತ್ತದೆ. ಅಂದರೆ ಒಂದೊಂದು ಟೈರಿಗೆ 60 ಕಿಲೋ ಶಕ್ತಿ ಹೋಯಿತು. ಸ್ಟಿಕರಿನ ಸೈಜಿಗೆ ಬೇಕಾದ ನಂಬರಿಗಿಂತ ಕಡಿಮೆಯದನ್ನು ಯಾವತ್ತೂ ತೆಗೆದುಕೊಳ್ಳಬೇಡಿ. ಜಾಸ್ತಿ ಇದ್ದರೆ ತೊಂದರೆಯಿಲ್ಲ.

ಗಂಜ್ ಮಾರುಕಟ್ಟೆಗೆ ತೊಗರಿ ಚೀಲ ತರುವ ಸಣ್ಣ ಗೂಡ್ಸ್ ಗಾಡಿಯವರು ಇದನ್ನು ಎರಡು ಸಲ ಓದಬೇಕು. ನಿಮ್ಮ ಗಾಡಿಗೆ 145 ಆರ್12 ಎಲ್‌ಟಿ 8ಪಿಆರ್ ಎಂದಿದ್ದರೆ (ಎಲ್‌ಟಿ ಎಂದರೆ ಲೈಟ್ ಟ್ರಕ್, ಅಂದರೆ ಸಣ್ಣ ಸರಕು ಗಾಡಿಯ ಟೈರ್), ಸಣ್ಣ ಕಾರಿನ 145/80 ಆರ್12 74 ಟೈರೂ ಆ ರಿಮ್ಮಿಗೆ ಕೂಡುತ್ತದೆ. ಕಡಿಮೆ ಬೆಲೆಗೂ ಸಿಗುತ್ತದೆ. ಆದರೆ 74 ಎಂದರೆ ಬರೀ 375 ಕಿಲೋ. ಭಾರ ತುಂಬಿದ ಗಾಡಿ ಹೆದ್ದಾರಿಯಲ್ಲಿ ಟೈರ್ ಒಡೆದುಕೊಂಡು ನಿಲ್ಲಲು ಇಷ್ಟು ಸಾಕು. ಎಲ್‌ಟಿ ಮತ್ತು ಪಿಆರ್ ಇರುವ ಟೈರನ್ನೇ ಕೇಳಿ ಪಡೆಯಿರಿ. 8ಪಿಆರ್ ಎಂದರೆ ಒಳಗೆ ಎಂಟು ಪದರ ಇದೆ ಎಂದಲ್ಲ, ಅಷ್ಟು ಪದರದ ಹಳೆ ಟೈರಿಗೆ ಸಮನಾದ ಬಲ ಇದೆ ಎಂದರ್ಥ.

ಎಚ್ ಎಂಬ ಅಕ್ಷರ ವೇಗದ ಮಿತಿ, ಗಂಟೆಗೆ 210 ಕಿ.ಮೀ. ಎಸ್ 180, ಟಿ 190, ವಿ 240. 'ನಾವು ಎಂಬತ್ತರ ಮೇಲೆ ಹೋಗೋದೇ ಇಲ್ಲ, ಅಕ್ಷರ ಯಾಕೆ ಬೇಕು' ಎನ್ನುವವರು ಜಾಸ್ತಿ. ಇದು ಕಾವಿನ ಪರೀಕ್ಷೆಯೂ ಹೌದು. ವೇಗ ಹೆಚ್ಚಿದಂತೆ ಟೈರ್ ಕಾಯುತ್ತದೆ, ಆ ಕಾವು ತಡೆಯುವ ಶಕ್ತಿಯನ್ನೇ ಈ ಅಕ್ಷರ ಹೇಳುತ್ತದೆ. ಮೇ ತಿಂಗಳಲ್ಲಿ ಪಾರಾ 42 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಕಂಪನಿ ಹೇಳಿದ ಅಕ್ಷರಕ್ಕಿಂತ ಕೆಳಗೆ ಇಳಿಯಬೇಡಿ.

ಬೇಸಿಗೆಯಲ್ಲಿ ಹವಾ ಕಡಿಮೆ ಹಾಕಿಸಿದರೆ ಟೈರ್ ಒಡೆಯುವುದಿಲ್ಲ ಎಂಬ ನಂಬಿಕೆಯನ್ನೂ ಬಿಡಿ. ಹವಾ ಕಡಿಮೆಯಾದ ಟೈರ್ ಹೆಚ್ಚು ಬಳುಕುತ್ತದೆ, ಬಳುಕಿದಷ್ಟೂ ಕಾಯುತ್ತದೆ. ಬೆಳಿಗ್ಗೆ ಗಾಡಿ ಓಡಿಸುವ ಮೊದಲೇ ಚೆಕ್ ಮಾಡಿಸಿ, ಸ್ಟಿಕರಿನಲ್ಲಿ ಇರುವಷ್ಟು ತುಂಬಿಸಿ. ಟೈರಿನ ಮೇಲೆ 'ಮ್ಯಾಕ್ಸ್' ಎಂದು ಬರೆದ ಹವಾ ಟೈರ್ ತಡೆಯುವ ಮಿತಿ, ನಿಮ್ಮ ಗಾಡಿಗೆ ಬೇಕಾದದ್ದಲ್ಲ.

5. ತಯಾರಾದ ವಾರ ಹುಡುಕಿ

ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 1424 ಎಂದರೆ 2024ರ 14ನೇ ವಾರ, ಅಂದರೆ ಏಪ್ರಿಲ್ ಆರಂಭ. ಈ ಅಂಕಿ ಒಂದೇ ಪಕ್ಕದಲ್ಲಿ ಇರಬಹುದು. ಹಾಗಾಗಿ ಟೈರ್ ತಿರುಗಿಸಿ ನೋಡಿ. ಹೊಸ ಟೈರ್ ಎಂದು ಕೊಡುವುದು ಒಂದು ವರ್ಷಕ್ಕಿಂತ ಹಳೆಯದಾಗಿದ್ದರೆ ಬೇರೆ ತೋರಿಸಲು ಹೇಳಿ. ಐದು ವರ್ಷ ದಾಟಿದ ಟೈರನ್ನು ಗ್ರಿಪ್ ಚೆನ್ನಾಗಿದ್ದರೂ ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಿ. ಐಎಸ್‌ಐ ಗುರುತೂ ಇರಬೇಕು.

ಸೆಕೆಂಡ್ ಹ್ಯಾಂಡ್ ಟೈರ್ ಬೇಡವೇ ಬೇಡ. ಸವೆದ ಟೈರಿಗೆ ಬಿಸಿ ಬ್ಲೇಡಿನಿಂದ ಹೊಸ ಗೆರೆ ಕೊರೆದು ಮಾರುತ್ತಾರೆ. ಕೊರೆದಷ್ಟೂ ಒಳಗಿನ ದಾರಕ್ಕೆ ಹತ್ತಿರವಾಗುತ್ತದೆ. ಕಪ್ಪು ಪಾಲಿಶ್ ಹಚ್ಚಿ ಪಳಪಳ ಮಾಡಿದ್ದನ್ನಂತೂ ನಂಬಬೇಡಿ. ಅದರ ಕೆಳಗೆ ಬಿರುಕು ಕಾಣುವುದಿಲ್ಲ.

ಬೈಕ್, ಸ್ಕೂಟರ್ ಇದ್ದರೆ

2.75-18 ಎಂದಿದ್ದರೆ ಎರಡೂ ಇಂಚಿನ ಲೆಕ್ಕ: ಅಗಲ 2.75, ರಿಮ್ 18. 80/100-18 ಎಂದಿದ್ದರೆ 80 ಮಿ.ಮೀ. ಅಗಲ, ಎತ್ತರ ಅದರ ಶೇ 100, ಅಂದರೆ ಅದೂ 80. ಎಷ್ಟೋ ಬೈಕುಗಳಿಗೆ ಮುಂದೆ ಒಂದು ಸೈಜ್, ಹಿಂದೆ ಇನ್ನೊಂದು ಸೈಜ್ ಬರುತ್ತದೆ. ಕೆಲವು ಸ್ಕೂಟರಿಗೆ ಮುಂದಿನ ರಿಮ್ 12, ಹಿಂದಿನದು 10. ಹಾಗಾಗಿ ಎರಡನ್ನೂ ಬೇರೆ ಬೇರೆ ಬರೆದುಕೊಂಡು ಹೋಗಿ.

6. ಕೂಡಿಸುವಾಗ ಪಕ್ಕದಲ್ಲೇ ನಿಲ್ಲಿ

'ರೊಟೇಶನ್' ಎಂದು ಬರೆದು ಬಾಣ ಇದ್ದರೆ ಗಾಡಿ ಮುಂದೆ ಹೋಗುವಾಗ ಗಾಲಿ ತಿರುಗುವ ದಿಕ್ಕಿಗೇ ಆ ಬಾಣ ಇರಬೇಕು. 'ಔಟ್‌ಸೈಡ್' ಎಂದಿರುವ ಪಕ್ಕ ಹೊರಗೆ ಕಾಣಬೇಕು. ಬಿಲ್ಲಿನಲ್ಲಿ ಸುಮ್ನೆ 'ಟೈರ್ 4' ಎಂದು ಬರೆಯಲು ಬಿಡಬೇಡಿ. ಪೂರ್ತಿ ಸೈಜ್, ಭಾರ ಮತ್ತು ವೇಗದ ಕೋಡ್, ತಯಾರಾದ ವಾರ ಬರೆಸಿಕೊಳ್ಳಿ. ಹೊರಡುವ ಮೊದಲು ಡಿಕ್ಕಿ ತೆಗೆಸಿ ಸ್ಟೆಪ್ನಿಯ ವಾರವನ್ನೂ ಹವಾವನ್ನೂ ನೋಡಿ.