ಬಟವಾಡೆ ದಿನದ ಬಿ.ಪಿ. ಪುಸ್ತಕಕ್ಕೆ ವಿದೇಶಿ ನೆರವು ಬಂದ ಬಗೆ

ಹೃದಯದ ಕಾಯಿಲೆಗೆ ವಿದೇಶಿ ನೆರವು ಸಿಗುವುದಿಲ್ಲ ಎಂದು ನನಗೆ ಹೇಳದವರಿಲ್ಲ. ಹಾಸನದಲ್ಲಿ ನಡೆದ ಸಭೆಯೊಂದರಲ್ಲಿ ಹಿರಿಯರೊಬ್ಬರು, "ಏಡ್ಸ್, ಕ್ಷಯ, ಬಾಣಂತಿಯರ ಆರೋಗ್ಯ ಎಂದು ಬರೆಯಿರಿ. ಬಿ.ಪಿ.ಗೆ ಯಾರು ಕೊಡುತ್ತಾರೆ?" ಎಂದು ಎಲ್ಲರೆದುರೇ ಕೇಳಿದ್ದರು. ಅವರ ಮಾತಿಗೆ ಆಧಾರವಿತ್ತು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 2 ಕೋಟಿ ಜನ ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದ ಸಾಯುತ್ತಾರೆ, ಅವರಲ್ಲಿ ಮುಕ್ಕಾಲು ಪಾಲು ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ಆದರೂ ಆರೋಗ್ಯಕ್ಕೆಂದು ಹರಿಯುವ ಅಂತಾರಾಷ್ಟ್ರೀಯ ನೆರವಿನ ನೂರು ರೂಪಾಯಿಯಲ್ಲಿ ಹೃದ್ರೋಗ, ಸಕ್ಕರೆ ಕಾಯಿಲೆ, ಕ್ಯಾನ್ಸರ್ ಎಲ್ಲಕ್ಕೂ ಸೇರಿ ಸಿಗುವುದು ಎರಡು ರೂಪಾಯಿಯ ಆಸುಪಾಸು. ಅದರಲ್ಲಿಯೇ ಸುಮಾರು 18 ಲಕ್ಷವನ್ನು ನಮ್ಮ ಟ್ರಸ್ಟಿನವರು ಸಕಲೇಶಪುರದ ಕಾಫಿ ತೋಟಗಳ ಕೂಲಿಯವರ ಲೈನ್ ಮನೆಗಳಿಗೆ ತಂದೆವು.

2017ರಲ್ಲಿ ವಿದೇಶಿ ನೆರವು ಸಂಸ್ಥೆಯೊಂದಕ್ಕೆ ಕಳಿಸಿದ ಮೊದಲ ಪ್ರಸ್ತಾವನೆ 60 ಲಕ್ಷದ್ದು, ಹೃದಯದ ಸ್ಕ್ಯಾನ್ ಮಾಡುವ ಎಕೋ ಯಂತ್ರವಿರುವ ವಾಹನಕ್ಕಾಗಿ. ಮೂರು ಸಾಲಿನ ನಿರಾಕರಣೆ ಬಂತು. ಮರುವರ್ಷ ತಪಾಸಣಾ ಶಿಬಿರಗಳಿಗೆಂದು ಕೇಳಿದಾಗ, ಭಾರತ ಈಗ ಬಡ ದೇಶವಲ್ಲ, ಇದು ಸರ್ಕಾರದ ಕೆಲಸ ಎಂಬ ಉತ್ತರ ಸಿಕ್ಕಿತು. ಆದರೆ ಆ ಸಂಸ್ಥೆಯ ಅಧಿಕಾರಿಣಿ ಫೋನಿನಲ್ಲಿ ಒಂದು ಪ್ರಶ್ನೆ ಕೇಳಿದರು: ನಿಮ್ಮ ಶಿಬಿರಗಳಲ್ಲಿ ಬಿ.ಪಿ. ಇದೆಯೆಂದು ತಿಳಿದವರಲ್ಲಿ ಇಂದು 140/90ಕ್ಕಿಂತ ಕೆಳಗಿರುವವರು, ಅಂದರೆ ಬಿ.ಪಿ. ಹತೋಟಿಗೆ ಬಂದವರು, ಎಷ್ಟು ಜನ? ಹದಿನಾಲ್ಕು ಶಿಬಿರಗಳಿಗೆ ನಾಲ್ಕು ಲಕ್ಷದಷ್ಟು ಸ್ವಂತ ಹಣ ಸುರಿದಿದ್ದ ನನ್ನ ಬಳಿ ಆ ಒಂದು ಸಂಖ್ಯೆ ಇರಲಿಲ್ಲ. ಅಂದೇ ಶಿಬಿರ ಕೈಬಿಟ್ಟೆ.

ತೋಟದಲ್ಲಿ ಕೂಲಿಯವರು ತಪ್ಪದೆ ಒಂದೆಡೆ ಸೇರುವುದು ಬಟವಾಡೆಯ ದಿನ ಮಾತ್ರ. ತೋಟದ ಲೆಕ್ಕ ಬರೆಯುವ ರೈಟರ್ ಹೆಸರು ಕೂಗುವ ಜಗಲಿಯ ಇನ್ನೊಂದು ತುದಿಯಲ್ಲಿ ನಮ್ಮ ನರ್ಸ್ ಬಿ.ಪಿ. ಯಂತ್ರವಿಟ್ಟುಕೊಂಡು ಕುಳಿತರು. ಮೊದಲ ತಿಂಗಳ ಲೆಕ್ಕವನ್ನೆಲ್ಲ ಎಸೆಯಬೇಕಾಯಿತು. ಹಣ್ಣಿನ ಮೂಟೆ ಹೊತ್ತು ಬಂದವರಿಗೆ ನಿಂತಲ್ಲೇ ಪಟ್ಟಿ ಸುತ್ತಿದರೆ ಎಲ್ಲರದ್ದೂ ಹೆಚ್ಚೇ ಬರುತ್ತಿತ್ತು. ಒಂದು ಉದ್ದನೆಯ ಬೆಂಚು ಹಾಕಿಸಿ, ಐದು ನಿಮಿಷ ಬೆನ್ನು ಒರಗಿಸಿ ಕೂರಿಸಿ, ಎರಡು ಬಾರಿ ನೋಡತೊಡಗಿದ ಮೇಲೆ ಸಂಖ್ಯೆಗಳು ನಂಬುವಂತಾದವು. ಬಿ.ಪಿ. ಇದೆಯೆಂದು ಗೊತ್ತಾದರೆ ಕೆಲಸ ತಪ್ಪೀತು ಎಂಬ ಭಯ ಹೆಂಗಸರಲ್ಲಿತ್ತು. ಆದ್ದರಿಂದ ಪ್ರತಿ ಬಾರಿಯ ಬಿ.ಪಿ. ಬರೆಯುವ ಪುಸ್ತಕ ರೋಗಿಯ ಕೈಯಲ್ಲೇ ಉಳಿಯಿತು. ನಮ್ಮ ದಾಖಲೆಯಲ್ಲಿ ಹೆಸರಿನ ಬದಲು ಕ್ರಮಸಂಖ್ಯೆ ಮಾತ್ರ ಇತ್ತು.

2020ರಲ್ಲಿ ಮೂರನೆಯ ಬಾರಿ ಬರೆದಾಗ ಮಾತ್ರೆಗೆ ಒಂದು ರೂಪಾಯಿಯನ್ನೂ ಕೇಳಲಿಲ್ಲ. ಬಿ.ಪಿ. ಇಳಿಸುವ ಅಮ್ಲೋಡಿಪಿನ್ ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತದೆ, ನಿಮ್ಮ ನೆರವು ಮುಗಿದ ಮರುದಿನವೂ ಸಿಗುತ್ತದೆ, ನಮಗೆ ಬೇಕಾಗಿರುವುದು ರೋಗಿಯನ್ನು ಬಿಡದೆ ಹಿಂಬಾಲಿಸುವವರ ಸಂಬಳ ಮತ್ತು ಪೆಟ್ರೋಲು ಎಂದು ಬರೆದೆ. ಕೇವಲ ಎರಡು ತೋಟಗಳ ನಾಲ್ಕು ತಿಂಗಳ ಲೆಕ್ಕವನ್ನು ಜೊತೆಗಿಟ್ಟೆ. ಅದರ ಮೊದಲ ಪುಟವನ್ನು ಹೇಗೆ ಕಟ್ಟಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಈ ವರ್ಷವೂ ಅಲ್ಲಿಗೇ ಅರ್ಜಿ ಹಾಕಿದ್ದೇವೆ.

ಮಂಜೂರಾದ ಹಣ ಕೈಸೇರಲು ಎಂಟು ತಿಂಗಳು ಹಿಡಿಯಿತು. ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ ಎಫ್‌ಸಿಆರ್‌ಎ ಕಾಯ್ದೆಯ 2020ರ ತಿದ್ದುಪಡಿಯ ನಂತರ ವಿದೇಶಿ ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ನಮ್ಮ ಟ್ರಸ್ಟಿಯೊಬ್ಬರ ಇನಿಷಿಯಲ್ ಆಧಾರ್‌ನಲ್ಲಿ ಒಂದು, ಟ್ರಸ್ಟ್ ಪತ್ರದಲ್ಲಿ ಇನ್ನೊಂದು ಇದ್ದುದನ್ನು ನಾವು ಮೊದಲೇ ನೋಡಿರಲಿಲ್ಲ. ಆ ಅವಧಿಯ ಎರಡು ಸಂಬಳಗಳಿಗೆ, ಸುಮಾರು ಎರಡೂವರೆ ಲಕ್ಷಕ್ಕೆ, ನನ್ನ ಹೆಂಡತಿಯ ಒಡವೆ ಬ್ಯಾಂಕಿನಲ್ಲಿತ್ತು. ಆಡಳಿತ ವೆಚ್ಚದ ಮಿತಿ ಶೇಕಡ 50ರಿಂದ 20ಕ್ಕೆ ಇಳಿದದ್ದೂ ಅದೇ ತಿದ್ದುಪಡಿಯಲ್ಲಿ. ಕಚೇರಿಯ ಬಾಡಿಗೆ ಬಿಟ್ಟು ನಮ್ಮ ಮನೆಯ ಮುಂದಿನ ಕೋಣೆಗೆ ಬಂದೆವು.

ನಡುವೆ ಉಪ್ಪನ್ನೂ ಅಳೆದು ನೋಡಿದೆವು. ಮೂವತ್ತು ಮನೆಗಳಲ್ಲಿ ಒಂದು ಕಿಲೋ ಪೊಟ್ಟಣದ ಮೇಲೆ ಒಡೆದ ದಿನಾಂಕವನ್ನು ಬರೆಸಿದೆವು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನಕ್ಕೆ ಐದು ಗ್ರಾಂ ಲೆಕ್ಕದಲ್ಲಿ ನಾಲ್ವರಿಗೆ ಐವತ್ತು ದಿನ ಬರಬೇಕಾದದ್ದು ಇಪ್ಪತ್ತನಾಲ್ಕು, ಇಪ್ಪತ್ತೈದು ದಿನಕ್ಕೇ ಮುಗಿಯುತ್ತಿತ್ತು, ಅದೂ ಒಣಮೀನಿನ ಉಪ್ಪನ್ನು ಬಿಟ್ಟು. ಸೋಡಿಯಂ ಕಡಿಮೆ ಇರುವ ಉಪ್ಪು ಕೊಟ್ಟು ನೋಡಿದೆವು. ಅದರಲ್ಲಿರುವ ಪೊಟ್ಯಾಸಿಯಂ ಆಗದ, ಮೂತ್ರಪಿಂಡದ ತೊಂದರೆ ಇದ್ದವರನ್ನು ಗುರುತಿಸಿ ಹೊರಗಿಡುವುದೇ ದೊಡ್ಡ ಕೆಲಸವಾಯಿತು, ರುಚಿಯೂ ಒಗ್ಗಲಿಲ್ಲ, ನಿಲ್ಲಿಸಿದೆವು.

ಎರಡು ವರ್ಷದಲ್ಲಿ ಸುಮಾರು 700 ಜನ ದಾಖಲಾದರು. ಆರಂಭದಲ್ಲಿ ನಾಲ್ವರಲ್ಲಿ ಒಬ್ಬರ ಬಿ.ಪಿ. ಹತೋಟಿಯಲ್ಲಿತ್ತು, ಕೊನೆಗೆ ಹತ್ತರಲ್ಲಿ ಆರು ಜನರದ್ದು. ತಲೆಗೆ ವರ್ಷಕ್ಕೆ 1,300 ರೂಪಾಯಿಯಷ್ಟು ಬಿತ್ತು. ಕೊಯ್ಲು ಮುಗಿದು ಬೇರೆ ತೋಟಕ್ಕೆ ಹೋದವರನ್ನು ಪತ್ತೆಹಚ್ಚುವ ನಮ್ಮ ರೀತಿಯನ್ನು ನೆರವು ಸಂಸ್ಥೆಯವರೇ ಬರೆದುಕೊಂಡು ಹೋದರು. ಅದನ್ನು ಖುದ್ದಾಗಿ ಬಂದು ನೋಡುವವರಿಗೆ ತೋರಿಸುತ್ತೇನೆ.

2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ರಾಜ್ಯದ ಸುದ್ದಿಯಾದಾಗ, ಇಸಿಜಿ ಶಿಬಿರ ಮಾಡಿಸಿ ಎಂದು ದಿನಕ್ಕೆ ಹತ್ತಾರು ಕರೆಗಳು ಬಂದವು. ಕೇಳಿದವರಿಗೆಲ್ಲ ಬೆಂಚು ಹಾಕಿಸಿ, ನರ್ಸನ್ನು ಕಳಿಸುತ್ತೇನೆ ಎಂದೆ. ಮೂರು ತೋಟದವರು ಒಪ್ಪಿ, ಈಗ ಒಬ್ಬ ನರ್ಸಿನ ಸಂಬಳವನ್ನು ತಾವೇ ಹಂಚಿಕೊಂಡು ಕೊಡುತ್ತಿದ್ದಾರೆ.