ಕಾಟಾಚಾರದ ಟೆಸ್ಟ್‌ಗಳಿಂದ ತಂಡವನ್ನು ಬಿಡಿಸಿದ್ದು: ನನ್ನ ಅನುಭವ

ಶೇ. 80ರ ಕವರೇಜ್ ಗೇಟ್ (ಕೋಡಿನ ಶೇ. 80 ಭಾಗವನ್ನು ಟೆಸ್ಟ್‌ಗಳು ಓಡಿಸದಿದ್ದರೆ ಬಿಲ್ಡ್ ತಡೆಯುವ ನಿಯಮ) ತೆಗೆಯುತ್ತೇವೆ ಅಂದಾಗ ಬೆಳ್ಳಂದೂರಿನ ನಮ್ಮ ಆಫೀಸಿನಲ್ಲಿ ಒಪ್ಪಿದವರು ಕಡಿಮೆ. ಗುಣಮಟ್ಟ ನೆಲ ಕಚ್ಚುತ್ತದೆ ಅಂದರು. ಈಗ ಪ್ರೊಡಕ್ಷನ್‌ನಿಂದ ವಾಪಸ್ ಬರುವ ಬಗ್‌ಗಳು ಅಂದಾಜು ಅರ್ಧಕ್ಕಿಂತ ಕೆಳಗಿವೆ. ಅಂದು ತಲೆಯಾಡಿಸದ ತಂಡಗಳೇ ಇಂದು ಬಿಲ್ಡ್ ಮತ್ತು ಟೆಸ್ಟ್ ಓಡಿಸುವ ನಮ್ಮ ಪೈಪ್‌ಲೈನ್ ಫೈಲ್ ಕೇಳುತ್ತಿವೆ.

ಆ 80 ಬರುತ್ತಿದ್ದ ದಾರಿ ಎಲ್ಲರಿಗೂ ಗೊತ್ತು: ಮೆಥಡ್ ಕರೆಯುವುದು, ಅಸರ್ಟ್ (ಉತ್ತರ ಸರಿಯೇ ಎಂದು ನೋಡುವ ಸಾಲು) ಬರೆಯದೇ ಬಿಡುವುದು. ಮೌಲ್ಯ ಓದಿಕೊಡುವುದಷ್ಟೇ ಕೆಲಸವಾದ ಗೆಟರ್‌ಗಳಿಗೆಲ್ಲ ಟೆಸ್ಟ್, ರೀಫಂಡ್ ಲೆಕ್ಕಕ್ಕೆ ಒಂದೂ ಇಲ್ಲ. ಸಾಲು ಓಡಿತೇ ಎಂಬುದನ್ನಷ್ಟೇ ಕವರೇಜ್ ಅಳೆಯುವ ಜಾಕೊಕೊ ಹೇಳುತ್ತದೆ. ಬಂದ ಉತ್ತರ ಸರಿಯೇ ಎಂದು ಯಾರೂ ನೋಡಿರದಿದ್ದರೂ ಅದಕ್ಕೆ ಹಸಿರೇ.

ಆ ಜಾಗಕ್ಕೆ ಪಿಟ್ ತಂದೆವು, ಕೋಡನ್ನು ಬೇಕಂತಲೇ ಕೆಡಿಸಿ ಟೆಸ್ಟ್‌ಗಳನ್ನು ಪರೀಕ್ಷಿಸುವ ಸಾಧನ. ಅದು ಕಂಡೀಷನ್ ತಿರುಗಿಸುತ್ತದೆ, ರಿಟರ್ನ್‌ನಲ್ಲಿ ಸೊನ್ನೆ ಹಾಕುತ್ತದೆ. ಆಗಲೂ ಯಾವ ಟೆಸ್ಟೂ ಬೀಳದಿದ್ದರೆ ಆ ಟೆಸ್ಟ್ ಹೆಸರಿಗೆ ಮಾತ್ರ. ಇಡೀ ರೆಪೊ (ಪ್ರಾಜೆಕ್ಟಿನ ಎಲ್ಲ ಕೋಡ್) ಮೇಲೆ ಓಡಿಸಿದಾಗ ಬಿಲ್ಡ್ ಸುಮಾರು ಮೂರು ಗಂಟೆ ತೆಗೆದುಕೊಂಡಿತು, ಆ ತಿಂಗಳ ಸಿಐ (ಬಿಲ್ಡ್ ಮತ್ತು ಟೆಸ್ಟ್ ತಾನಾಗಿ ಓಡಿಸುವ ವ್ಯವಸ್ಥೆ) ಬಿಲ್ ಹತ್ತಿರಹತ್ತಿರ ದುಪ್ಪಟ್ಟು. ಬಿಲ್ಡ್ ಸಾಧನ ಮೇವನ್‌ಗಾಗಿ ಪಿಟ್ ಕೊಡುವ ಪ್ಲಗಿನ್ನಿನ ಎಸ್‌ಸಿಎಂ ಗೋಲ್ ಬಳಸಿ ಬದಲಾದ ಫೈಲ್‌ಗಳಿಗಷ್ಟೇ ಸೀಮಿತ ಮಾಡಿದ ಮೇಲೆ ಹತ್ತು ಹನ್ನೆರಡು ನಿಮಿಷಕ್ಕೆ ಇಳಿಯಿತು. ಬಿಲ್ಡ್ ಓಡಿಸುವ ರನ್ನರ್‌ಗಳನ್ನು ಎಡಬ್ಲ್ಯೂಎಸ್ (ಅಮೆಜಾನ್ ಕ್ಲೌಡ್) ಮುಂಬೈ ರೀಜನ್ನಿನ ಅಗ್ಗದ ಸ್ಪಾಟ್ ಯಂತ್ರಗಳಿಗೆ ಹಾಕಿದೆವು. ಎರಡೇ ನಿಮಿಷದ ನೋಟಿಸ್ ಕೊಟ್ಟು ಯಂತ್ರ ವಾಪಸ್ ಕಿತ್ತುಕೊಳ್ಳುತ್ತಾರೆ, ಹಾಗಾಗಿ ರಿಲೀಸ್ ಬಿಲ್ಡ್ ಮಾತ್ರ ಪೂರ್ತಿ ದರದ ಆನ್‌ಡಿಮಾಂಡ್ ಯಂತ್ರದಲ್ಲೇ ಇರಲಿ. ಹಿಂದಿನ ಓಟದ ಫಲಿತಾಂಶ ಇಟ್ಟುಕೊಳ್ಳುವ ಪಿಟ್‌ನ ಹಿಸ್ಟರಿ ಫೈಲ್ ರನ್ನರ್ ಡಿಸ್ಕಿನಲ್ಲಿದ್ದರೆ ಯಂತ್ರದ ಜೊತೆಗೇ ಹೋಗುತ್ತದೆ, ಎಡಬ್ಲ್ಯೂಎಸ್‌ನ ಫೈಲ್ ಸಂಗ್ರಹ ಎಸ್‌3ಯಲ್ಲಿಡಿ.

ಪಿಟ್ ಅಂಕವನ್ನು (ಕೆಡಿಸಿದ್ದರಲ್ಲಿ ಟೆಸ್ಟ್‌ಗಳು ಎಷ್ಟನ್ನು ಹಿಡಿದವು ಎಂಬುದು) ಗೇಟ್ ಮಾಡಬೇಡಿ. ಅಂಕ ಇಟ್ಟರೆ ಮತ್ತೆ ಅಂಕಕ್ಕಾಗಿಯೇ ಟೆಸ್ಟ್ ಬರೆಯುತ್ತಾರೆ. ಉಳಿದುಕೊಂಡ ಮ್ಯುಟೆಂಟ್ (ಪಿಟ್ ಕೆಡಿಸಿದರೂ ಯಾವ ಟೆಸ್ಟೂ ಹಿಡಿಯದ ಬದಲಾವಣೆ) ನಮ್ಮಲ್ಲಿ ಪುಲ್ ರಿಕ್ವೆಸ್ಟ್ (ರಿವ್ಯೂಗೆ ಕಳಿಸಿದ ಕೋಡ್ ಬದಲಾವಣೆ) ಮೇಲೆ ಕಾಮೆಂಟ್ ಆಗಿ ಬೀಳುತ್ತದೆ: ಬರೆದವರು ಟೆಸ್ಟ್ ಸೇರಿಸಬೇಕು, ಇಲ್ಲವೇ ಅದು ಏಕೆ ಅಪಾಯವಲ್ಲ ಎಂದು ಒಂದು ಸಾಲು ಬರೆಯಬೇಕು. ಯಾವ ಮ್ಯುಟೇಟರ್‌ಗಳನ್ನು (ಕೋಡ್ ಕೆಡಿಸುವ ವಿಧಗಳನ್ನು) ಇಟ್ಟುಕೊಂಡೆವು, ಯಾವುದನ್ನು ಬಿಟ್ಟೆವು ಎಂಬುದನ್ನು ಇಲ್ಲಿ ಹೇಳುವುದಿಲ್ಲ. ತಿಂಗಳುಗಟ್ಟಲೆ ಕೂತು ಆರಿಸಿದ್ದು ಅದು.

ಇನ್ನು ಫ್ಲೇಕಿ ಟೆಸ್ಟ್‌ಗಳು, ಅಂದರೆ ಒಮ್ಮೆ ಬಿದ್ದು ಒಮ್ಮೆ ಪಾಸಾಗುವವು. ರಾತ್ರಿ 2ರ ಬಿಲ್ಡ್ ಬೀಳುತ್ತದೆ, ಬೆಳಿಗ್ಗೆ ಮತ್ತೆ ಓಡಿಸಿದರೆ ಪಾಸ್. ಎಲ್ಲ ತಂಡದಲ್ಲೂ ಇಂಥದ್ದೊಂದು ಇದ್ದೇ ಇದೆ. ನಮ್ಮಲ್ಲಿ ಕಾರಣ ಇದು: ಟೆಸ್ಟ್ ನಿರೀಕ್ಷಿಸುವುದು ಏಷ್ಯಾ/ಕೋಲ್ಕತಾ (ಭಾರತದ ಸಮಯ) ದಿನಾಂಕ, ಕೋಡ್ ಕರೆಯುವುದು ಯಂತ್ರದ ಸಮಯವನ್ನೇ ನೋಡುವ ಬರೀ ಲೋಕಲ್‌ಡೇಟ್ ನೌ, ರನ್ನರ್ ಇರುವುದು ಭಾರತಕ್ಕಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿಯಲ್ಲಿ. ನಮ್ಮ ಮಧ್ಯರಾತ್ರಿಯಿಂದ ಬೆಳಗಿನ ಜಾವ 5:30ರವರೆಗೆ ಅಲ್ಲಿನ್ನೂ ನಿನ್ನೆ. ಲ್ಯಾಪ್‌ಟಾಪ್‌ನಲ್ಲಿ ಇದು ಎಂದೂ ಕಾಣದು. ಆ ಟೆಸ್ಟ್ ಸತ್ಯವನ್ನೇ ಹೇಳುತ್ತಿತ್ತು: ಸರ್ವರ್‌ಗಳೂ ಯುಟಿಸಿಯಲ್ಲೇ ಇದ್ದುದರಿಂದ ಆ ಹೊತ್ತಿನ ಇನ್‌ವಾಯ್ಸ್‌ಗಳಿಗೆ ಹಿಂದಿನ ದಿನಾಂಕ ಬೀಳುತ್ತಿತ್ತು, ತಿಂಗಳ 1ನೇ ತಾರೀಖಿನದು ಹಿಂದಿನ ತಿಂಗಳ ಜಿಎಸ್‌ಟಿ ಲೆಕ್ಕಕ್ಕೆ ಸೇರುತ್ತಿತ್ತು. ಕೋಡಿಗೆ ಕ್ಲಾಕನ್ನು (ಸಮಯದ ಮೂಲವನ್ನು) ಹೊರಗಿನಿಂದ ಕೊಡಿ, ಟೆಸ್ಟ್‌ನಲ್ಲಿ ಭಾರತದ ರಾತ್ರಿ 2 ಗಂಟೆಗೆ ಕಟ್ಟಿಹಾಕಿ. ಬಿಲ್ಡ್ ಓಡಿಸುವ ಜೆಂಕಿನ್ಸ್‌ನಲ್ಲಿ, ಬಿದ್ದದ್ದನ್ನು ತಾನೇ ಮರುಓಡಿಸುವ ರಿಟ್ರೈ ಕಿತ್ತುಬಿಡಿ. ಬೀಳುವ ಟೆಸ್ಟನ್ನು ಪಕ್ಕಕ್ಕಿಡಿ. ಎರಡು ವಾರದೊಳಗೆ ರಿಪೇರಿಯಾಗಬೇಕು, ಇಲ್ಲವೇ ಅಳಿಸಬೇಕು.

ರಿವ್ಯೂ ಬಗ್ಗೆ ಹೇಳುವುದು ಕಡಿಮೆ. 900 ಸಾಲಿಗೆ ಎರಡು ನಿಮಿಷದಲ್ಲಿ ಅಪ್ರೂವಲ್ ಬಂದರೆ ಅದನ್ನು ಯಾರೂ ಓದಿಲ್ಲ. ಒಂದು ಪುಲ್ ರಿಕ್ವೆಸ್ಟಿಗೆ ನಮ್ಮ ಮಿತಿ 250 ಸಾಲು, ಸಾಧನಗಳೇ ಬರೆಯುವ ಲಾಕ್‌ಫೈಲ್ ಮತ್ತು ಜನರೇಟೆಡ್ ಕೋಡ್ ಬಿಟ್ಟು. ಹೊಸ ಕಮಿಟ್ ಬಂದರೆ ಹಳೆಯ ಅಪ್ರೂವಲ್ ತಾನಾಗಿ ರದ್ದಾಗುವ ಸೆಟ್ಟಿಂಗ್ ಆನ್ ಮಾಡಿಡಿ.

ನಡುವೆ ಸ್ಟ್ಯಾಂಡಪ್ (ದಿನದ ಸಣ್ಣ ಮೀಟಿಂಗ್) ಸಮಯವನ್ನೂ ಬದಲಿಸಿ ನೋಡಿದೆವು. 9:30ಕ್ಕೆ ಅರ್ಧ ಜನ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಕ್ಯಾಬಿನಿಂದ ಮ್ಯೂಟ್‌ನಲ್ಲಿ ಸೇರುತ್ತಿದ್ದರು. 11:45ಕ್ಕೆ ತಂದು, ಟಿಕೆಟ್ ಓದುವುದನ್ನು ಬಿಟ್ಟು, ರಿವ್ಯೂಗೆ ಕಾದಿರುವ ಪುಲ್ ರಿಕ್ವೆಸ್ಟ್‌ಗಳನ್ನಷ್ಟೇ ಹಳೆಯದರಿಂದ ನೋಡಲು ಶುರುಮಾಡಿದೆವು. ಎಂಟು ನಿಮಿಷದಲ್ಲಿ ಮುಗಿಯುತ್ತದೆ. ಪೇರ್ ಪ್ರೋಗ್ರಾಮಿಂಗ್ ಮಾತ್ರ ದಿನವಿಡೀ ನಡೆಯಲಿಲ್ಲ, ಎರಡು ತಾಸು ಕೂತ ಮೇಲೆ ಜನ ಸುಸ್ತು. ಈಗ ಪೇಮೆಂಟ್ ಕೋಡ್ ಮುಟ್ಟುವಾಗಷ್ಟೇ ಇಬ್ಬರು ಕೂರುತ್ತಾರೆ.

ಕ್ಲೈಂಟ್ ರಿಪೋರ್ಟಿನಲ್ಲಿ ಕವರೇಜ್ ಕಾಲಂ ಇನ್ನೂ ಇದೆ, ಶೇ. 70ರ ಆಸುಪಾಸು. ಅದರ ಪಕ್ಕದಲ್ಲೇ ಉಳಿದ ಮ್ಯುಟೆಂಟ್‌ಗಳ ಪಟ್ಟಿಯನ್ನೂ ಕಳಿಸುತ್ತೇವೆ, ಮತ್ತು ಈಗ ಅವರ ಪ್ರಶ್ನೆಗಳು ಬರುವುದು ಆ ಪಟ್ಟಿಯ ಮೇಲೆ.