ಭಯ ಹುಟ್ಟಿದಾಗಲೇ ಹಕ್ಕೂ ಹುಟ್ಟುತ್ತದೆ: ಆತ್ಮರಕ್ಷಣೆ ಕಲಿತು ಕಲಿಸಿದ ನನ್ನ ಅನುಭವ

2016ರ ನವೆಂಬರ್. ರಾತ್ರಿ ಒಂಬತ್ತೂವರೆ ದಾಟಿತ್ತು. ಚಿತ್ರದುರ್ಗದಲ್ಲಿ ಬಸ್ ಇಳಿದು ಮನೆ ಕಡೆ ನಡೆಯುತ್ತಿದ್ದೆ. ಕಲ್ಯಾಣ ಮಂಟಪದ ಹಿಂದಿನ ಓಣಿಯಲ್ಲಿ ಒಂದು ಬೈಕ್ ನನ್ನನ್ನು ದಾಟಿ ಹೋಯಿತು. ಸ್ವಲ್ಪ ಹೊತ್ತಿಗೆ ಅದೇ ಬೈಕ್ ಎದುರಿನಿಂದ ಬಂತು. ಮೂರನೇ ಸಲ ಪಕ್ಕದಲ್ಲೇ ನಿಂತಿತು. ಅವನು ನನ್ನ ಎಡಗೈ ಮಣಿಕಟ್ಟು ಹಿಡಿದ.

ಬಲ ಹೆಗಲಲ್ಲಿ ಊಟದ ಬ್ಯಾಗ್ ಇತ್ತು. ಒಳಗೆ ಸ್ಟೀಲಿನ ಡಬ್ಬಿ. ಬೀಸಿ ಹೊಡೆದೆ. ಕಿವಿಯ ಹತ್ತಿರ ಬಿತ್ತು. ಬೈಕ್ ಸಮೇತ ಅವನು ಕೆಳಗೆ ಬಿದ್ದ. ಅಷ್ಟಕ್ಕೆ ನಾನು ಓಡಬೇಕಿತ್ತು. ಓಡಲಿಲ್ಲ. ಅವನು ಎದ್ದು ಹೋಗಲು ತಡಕಾಡುತ್ತಿದ್ದಾಗ ಇನ್ನೂ ಎರಡು ಸಲ ತಲೆ ಮೇಲೆ ಬಾರಿಸಿದೆ. ಆಮೇಲೆ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ನಡುಗುತ್ತಾ ಕೂತೆ.

ಮಾರನೇ ದಿನ ನಾನು ದೂರು ಕೊಡುವ ಮೊದಲೇ ಅವನ ಮನೆಯವರು ನನ್ನ ಮೇಲೆ ದೂರು ಕೊಟ್ಟಿದ್ದರು. ಅವನ ತಲೆಗೆ ಐದು ಹೊಲಿಗೆ ಬಿದ್ದಿತ್ತು. ಠಾಣೆಯಲ್ಲಿದ್ದವರು, "ಸುಮ್ನೆ ರಾಜಿ ಮಾಡ್ಕೊಳಮ್ಮ, ನಿನ್ನ ಹೆಸರೂ ಹಾಳಾಗುತ್ತೆ" ಅಂದರು. ಅಮ್ಮ ಹೊರಗೆ ಬೆಂಚಿನ ಮೇಲೆ ಸೆರಗು ಹಿಡಿದುಕೊಂಡು ಅಳುತ್ತಿದ್ದರು. ಕೈ ಹಿಡಿದವನು ಅವನು, ಆರೋಪಿ ಸ್ಥಾನದಲ್ಲಿ ಕೂತವಳು ನಾನು. ಆ ಸಂಕಟ ಇವತ್ತಿಗೂ ಹೋಗಿಲ್ಲ.

ನಮ್ಮ ಬೀದಿಯಲ್ಲಿ ಒಬ್ಬರು ವಕೀಲರಿದ್ದರು. ಎಲ್ಲರೂ ಅವರನ್ನು ಲಾಯರಕ್ಕ ಅಂತಲೇ ಕರೆಯುವುದು. ಅವರು ನನ್ನನ್ನು ಕೂರಿಸಿಕೊಂಡು, ನಡೆದದ್ದನ್ನು ಏಟಿನ ಲೆಕ್ಕದಲ್ಲಿ ಹೇಳಿಸಿದರು. ಆಮೇಲೆ ಹೇಳಿದ್ದು ಇಷ್ಟು: "ಮೊದಲನೇ ಏಟು ನಿನ್ನ ಹಕ್ಕು ಕಣಮ್ಮ. ಆಮೇಲಿನ ಎರಡು ನಿನ್ನ ಸಿಟ್ಟು. ಕಾನೂನು ನಿನ್ನ ಹಕ್ಕನ್ನ ಕಾಯುತ್ತೆ, ಸಿಟ್ಟನ್ನ ಕಾಯಲ್ಲ."

ಆ ಮಾತಿನಿಂದ ಮೊದಲು ನೋವಾಯಿತು. ಕೊನೆಗೆ ನನ್ನ ದೂರೂ ದಾಖಲಾಯಿತು, ನನ್ನ ಮೇಲಿನದು ಮುಂದೆ ಹೋಗಲಿಲ್ಲ. ಆದರೆ ಅವತ್ತು ಲಾಯರಕ್ಕ ತೋರಿಸಿದ ಕಲಮುಗಳನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅದೇ ಪುಟದಿಂದ ಇವತ್ತಿಗೂ ಪಾಠ ಮಾಡುತ್ತೇನೆ.

ಆಗ ಅವು ಐಪಿಸಿಯ, ಅಂದರೆ ಹಳೆಯ ಭಾರತೀಯ ದಂಡ ಸಂಹಿತೆಯ, 96ರಿಂದ 106ರವರೆಗಿನ ಕಲಮುಗಳು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂತು. ಈಗ ಅವೇ 34ರಿಂದ 44. ನಂಬರ್ ಬದಲಾಯಿತು, ತಿರುಳು ಅದೇ. ನಮ್ಮ ಮೈಯನ್ನು, ಇನ್ನೊಬ್ಬರ ಮೈಯನ್ನೂ ಕಾಪಾಡಿಕೊಳ್ಳುವ ಹಕ್ಕು ನಮಗಿದೆ. "ಇನ್ನೊಬ್ಬರ" ಅನ್ನುವುದನ್ನು ನಾನು ಒತ್ತಿ ಹೇಳುತ್ತೇನೆ. ಬಸ್ ಸ್ಟಾಂಡಿನಲ್ಲಿ ನೋಡುತ್ತಾ ನಿಂತ ನೂರು ಜನರಿಗೂ ಆ ಹಕ್ಕಿದೆ. ನಮಗ್ಯಾಕೆ ಊರ ಉಸಾಬರಿ ಅನ್ನುವವರಿಗೆ ಇದು ಗೊತ್ತಿರುವುದಿಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು 40ನೇ ಕಲಮು. ಈ ಹಕ್ಕು ಯಾವಾಗ ಶುರುವಾಗುತ್ತದೆ, ಯಾವಾಗ ಮುಗಿಯುತ್ತದೆ ಅಂತ ಅದು ಹೇಳುತ್ತದೆ. ಅವನ ಪ್ರಯತ್ನದಿಂದಲೋ ಬೆದರಿಕೆಯಿಂದಲೋ ಮೈಗೆ ಅಪಾಯ ಬಂತು ಅನ್ನುವ ಸಕಾರಣವಾದ ಭಯ ಹುಟ್ಟಿದ ಕೂಡಲೇ ಶುರು. ಏಟು ಬೀಳುವ ತನಕ ಕಾಯಬೇಕಿಲ್ಲ. ಆ ಭಯ ಇರುವ ತನಕ ಹಕ್ಕೂ ಇರುತ್ತದೆ. ಅಪಾಯ ದೂರವಾಯಿತೋ, ಹಕ್ಕೂ ಅಲ್ಲಿಗೆ ನಿಂತಿತು. 37ನೇ ಕಲಮು ಇನ್ನೊಂದು ಮಿತಿ ಹಾಕುತ್ತದೆ: ಕಾಪಾಡಿಕೊಳ್ಳಲು ಎಷ್ಟು ಬೇಕೋ ಅಷ್ಟೇ, ಅದಕ್ಕಿಂತ ಜಾಸ್ತಿ ಹಾನಿ ಮಾಡುವಂತಿಲ್ಲ. ಪೊಲೀಸರ ನೆರವು ಪಡೆಯಲು ಸಮಯ ಇದ್ದರೆ ಅದನ್ನೇ ಪಡೆಯಬೇಕು.

ಇಲ್ಲಿ ಹುಡುಗಿಯರು ಪ್ರತಿ ಸಲ ಕೇಳುತ್ತಾರೆ: "ಹಾಗಾದ್ರೆ ಪೊಲೀಸ್ ಬರೋ ತನಕ ತಡ್ಕೊಂಡು ನಿಲ್ಬೇಕಾ ಮೇಡಂ?" ಇಲ್ಲ. ಮೈಮೇಲೆ ಕೈ ಬಿದ್ದಾಗ ಸಮಯ ಎಲ್ಲಿರುತ್ತದೆ? ಆ ಗಳಿಗೆಯಲ್ಲಿ ಎಷ್ಟು ಏಟು ಸಾಕು ಅಂತ ಚಿನ್ನ ತೂಗುವ ತಕ್ಕಡಿಯಲ್ಲಿ ತೂಗಲು ಯಾರಿಗೂ ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿದೆ. 2010ರ ದರ್ಶನ್ ಸಿಂಗ್ ಪ್ರಕರಣದ ತೀರ್ಪಿನಲ್ಲಿ ಇದೆಲ್ಲ ಒಂದೇ ಕಡೆ ಸಿಗುತ್ತದೆ. ಅತ್ಯಾಚಾರದ ಉದ್ದೇಶದ ಹಲ್ಲೆ, ಆಸಿಡ್ ದಾಳಿ, ಅಪಹರಣದ ಉದ್ದೇಶದ ಹಲ್ಲೆ, ಇಂಥವುಗಳನ್ನು ತಡೆಯುವಾಗ ಎದುರಿನವನ ಪ್ರಾಣ ಹೋದರೂ ಅದು ಅಪರಾಧವಲ್ಲ ಅಂತ 38ನೇ ಕಲಮು ಹೇಳುತ್ತದೆ. ಆಸಿಡ್ ದಾಳಿಯನ್ನು ಆ ಪಟ್ಟಿಗೆ ಸೇರಿಸಿದ್ದು 2013ರಲ್ಲಿ.

ಕಾನೂನು ತಲೆಗೆ ಹೋಯಿತು. ಮೈಗೆ ಹೋಗಬೇಕಲ್ಲ? ಅದಕ್ಕೆ ಕರಾಟೆ ಸೇರಿದೆ. ಮೂರು ವರ್ಷ ಬೆಳಿಗ್ಗೆ ಐದೂವರೆಗೆ ಶಾಲೆಯೊಂದರ ಮೈದಾನಕ್ಕೆ ಹೋದೆ. ಮಾಸ್ಟರ್ ತುಂಬಾ ಶ್ರದ್ಧೆಯಿಂದ ಕಲಿಸಿದರು. ಆದರೆ ಪಾಯಿಂಟ್ ತೆಗೆದುಕೊಳ್ಳುವ ಆಟ ಬೇರೆ, ಚಪ್ಪಲಿ ಹಾಕಿಕೊಂಡು ಚೂಡಿದಾರದಲ್ಲಿ ಬ್ಯಾಗ್ ಹೊತ್ತು ನಿಂತಾಗ ತಪ್ಪಿಸಿಕೊಳ್ಳುವುದು ಬೇರೆ. ನಾನು ಕಲಿತದ್ದರಲ್ಲಿ ಬೀದಿಗೆ ಬೇಕಾದ ನಾಲ್ಕೈದನ್ನು ಮಾತ್ರ ಇಟ್ಟುಕೊಂಡೆ. 2019ರಿಂದ ಅಷ್ಟನ್ನೇ ಪಿಯುಸಿ, ಡಿಗ್ರಿ ಹುಡುಗಿಯರಿಗೆ ಹೇಳಿಕೊಡುತ್ತಿದ್ದೇನೆ.

ಮೊದಲ ದಿನ ಕೈಕಾಲು ಆಡಿಸುವುದೇ ಇಲ್ಲ. ಬರೀ ಕೂಗುವುದು. ನಲವತ್ತು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ "ಕೈ ಬಿಡು!" ಅಂತ ಕೂಗಿ ಅಂದರೆ, ನಾಲ್ಕೈದು ಜನಕ್ಕೆ ಮಾತ್ರ ದನಿ ಬರುತ್ತದೆ. ಉಳಿದವರಿಗೆ ನಗು ಬರುತ್ತದೆ, ಇಲ್ಲವೇ ಬರೀ ಗಾಳಿ. ಚಿಕ್ಕಂದಿನಿಂದ "ಮೆತ್ತಗೆ ಮಾತಾಡು" ಅಂತ ಹೇಳಿಸಿಕೊಂಡ ಗಂಟಲು ಒಂದೇ ದಿನದಲ್ಲಿ ಬಿಚ್ಚಿಕೊಳ್ಳುವುದಿಲ್ಲ. ಹೊಟ್ಟೆ ಮೇಲೆ ಕೈ ಇಟ್ಟು, ಅಲ್ಲಿಂದ ಕೂಗಿಸುತ್ತೇನೆ. ಒಂದು ಹುಡುಗಿಗೆ ಎಂಟನೇ ದಿನ ದನಿ ಬಂತು. ಬಂದ ಮೇಲೆ ಅಲ್ಲೇ ಕೂತು ಅತ್ತುಬಿಟ್ಟಳು. ಯಾಕೆ ಅಂತ ನಾನು ಕೇಳಲಿಲ್ಲ.

ಏನು ಕೂಗಬೇಕು ಅನ್ನುವುದೂ ಮುಖ್ಯ. ಬರೀ ಕಿರುಚಿದರೆ ಜನ ಗಂಡ ಹೆಂಡತಿ ಜಗಳ ಅಂದುಕೊಂಡು ಮುಂದೆ ಹೋಗುತ್ತಾರೆ. "ಇವನು ಯಾರೋ ನಂಗೆ ಗೊತ್ತಿಲ್ಲ, ಕೈ ಬಿಡು, ದೂರ ನಿಲ್ಲು!" ಇದನ್ನು ಕೇಳಿದವರೆಲ್ಲ ನಾಳೆ ಸಾಕ್ಷಿ. ಗುಂಪಿಗೆ "ಯಾರಾದ್ರೂ ಬನ್ನಿ" ಅಂದರೆ ಯಾರೂ ಬರುವುದಿಲ್ಲ. ಒಬ್ಬರನ್ನು ಗುರುತು ಹಿಡಿದು ಕರೆಯಬೇಕು: "ನೀಲಿ ಶರ್ಟ್ ಅಣ್ಣಾ, 112ಕ್ಕೆ ಫೋನ್ ಮಾಡಿ!" ಹೆಸರು ಹಿಡಿದು ಕರೆದ ಹಾಗೆ ಅವರು ತಿರುಗುತ್ತಾರೆ.

ಎರಡನೆಯದು ಮಣಿಕಟ್ಟು ಬಿಡಿಸಿಕೊಳ್ಳುವುದು. ಓದುತ್ತಲೇ ಮಾಡಿ ನೋಡಿ. ನಿಮ್ಮ ಬಲಗೈಯಿಂದ ಎಡಗೈ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯಿರಿ. ನಾಲ್ಕು ಬೆರಳು ಒಂದು ಕಡೆ, ಹೆಬ್ಬೆರಳು ಒಂದು ಕಡೆ. ಹೆಬ್ಬೆರಳ ತುದಿ ಬೆರಳುಗಳನ್ನು ಸೇರುವ ಜಾಗದಲ್ಲಿ ಒಂದು ಸಂದು ಇರುತ್ತದೆ, ಕಾಣಿಸಿತಾ? ಹಿಡಿತ ಎಷ್ಟೇ ಗಟ್ಟಿಯಾಗಿದ್ದರೂ ಅಲ್ಲಿ ಕಾವಲಿರುವುದು ಒಂದೇ ಬೆರಳು. ಕೈಯನ್ನು ನೇರ ಹಿಂದಕ್ಕೆ ಎಳೆದರೆ ನಾಲ್ಕು ಬೆರಳಿನ ಜೊತೆ ಹೋರಾಡಬೇಕು. ಮಣಿಕಟ್ಟಿನ ತೆಳು ಅಂಚನ್ನು ಆ ಸಂದಿಗೆ ತಿರುಗಿಸಿ, ಮೊಣಕೈ ಮಡಿಸಿ ಅವನ ಕಡೆಗೇ ಒಂದು ಹೆಜ್ಜೆ ಹಾಕಿ ಜಗ್ಗಿದರೆ ಹೆಬ್ಬೆರಳೊಂದೇ ಸೋಲುತ್ತದೆ. ಅವನ ಕಡೆಗೆ ಹೆಜ್ಜೆ ಹಾಕುವುದೇ ಎಲ್ಲರಿಗೂ ಕಷ್ಟ. ಭಯದಲ್ಲಿ ಮೈ ಹಿಂದಕ್ಕೆ ಹೋಗುತ್ತದೆ. ದಿನಕ್ಕೆ ಐವತ್ತು ಸಲ ಮಾಡಿಸುತ್ತೇನೆ.

ಜಡೆ ಹಿಡಿದು ಎಳೆದರೆ, ಅವನ ಕೈಯನ್ನು ನಮ್ಮ ಎರಡೂ ಕೈಯಿಂದ ತಲೆಗೇ ಒತ್ತಿ ಹಿಡಿಯಬೇಕು. ನೋವು ಕಡಿಮೆಯಾಗುತ್ತದೆ, ತಿರುಗಲು ದಾರಿ ಸಿಗುತ್ತದೆ. ಹೊಡೆಯಲೇಬೇಕಾದರೆ ಮುಷ್ಟಿ ಬೇಡ, ಅಭ್ಯಾಸ ಇಲ್ಲದವರ ಬೆರಳೇ ಮುರಿಯುತ್ತದೆ. ಅಂಗೈ ಬುಡ, ಮೊಣಕೈ, ಮಂಡಿ ಸಾಕು. ಇಷ್ಟೇ. ಇದಕ್ಕಿಂತ ಜಾಸ್ತಿ ಕಲಿಸಿದರೆ ಗಾಬರಿಯಲ್ಲಿ ಯಾವುದೂ ನೆನಪಿಗೆ ಬರುವುದಿಲ್ಲ.

ಪ್ರತಿ ಅಭ್ಯಾಸದ ಕೊನೆಯಲ್ಲಿ ಒಂದು ಕೆಲಸ ಇದೆ. ನನಗೆ ಇದೇ ಮುಖ್ಯ. ಎದುರಿನವಳು ಕೈ ಬಿಟ್ಟು ಹಿಂದೆ ಸರಿದ ಕೂಡಲೇ ಹುಡುಗಿ ಎರಡೂ ಕೈ ಎದೆ ಮುಂದೆ ಎತ್ತಿ "ಅಲ್ಲೇ ನಿಲ್ಲು" ಅಂತ ಕೂಗಿ, ಜನ ಇರುವ ಕಡೆ ಓಡಬೇಕು. ಇನ್ನೊಂದು ಏಟು ಹಾಕಿದರೆ ಆ ಸುತ್ತು ಮತ್ತೆ ಮೊದಲಿಂದ. ನಿಲ್ಲಿಸುವುದನ್ನೂ ಮೈಗೆ ಕಲಿಸಬೇಕು. ನನ್ನ ಮೈಗೆ ಯಾರೂ ಕಲಿಸಿರಲಿಲ್ಲ.

ಕೈಯಲ್ಲಿ ಏನಿರಬೇಕು ಅಂತ ಕೇಳುತ್ತಾರೆ. ನಮ್ಮಮ್ಮನ ಕಾಲದವರು ರಶ್ ಬಸ್ಸಿನಲ್ಲಿ ಸೆರಗಿನ ಪಿನ್ನನ್ನೇ ಬೆರಳ ಸಂದಿಯಲ್ಲಿ ಇಟ್ಟುಕೊಂಡು ನಿಲ್ಲುತ್ತಿದ್ದರು. ದುರ್ಗದವರಾದ ನಮಗೆ ಒನಕೆ ಓಬವ್ವನ ಕಥೆ ಹೇಳಿಕೊಡಬೇಕಿಲ್ಲ. ಅವಳೂ ಮನೆಯಲ್ಲಿದ್ದದ್ದನ್ನೇ ಎತ್ತಿಕೊಂಡವಳು. ಆದರೆ ಅದಕ್ಕೂ ಮೊದಲು ಕಿಂಡಿಯಲ್ಲಿ ಅಲುಗಾಡಿದ್ದನ್ನು ಅವಳು ನೋಡಿದಳಲ್ಲ, ನಾನು ಅದನ್ನು ಹೇಳುತ್ತೇನೆ. ನೀರಿಗೆ ಹೋದವಳ ಕಣ್ಣು ಸುತ್ತ ಇತ್ತು. ನನ್ನ ಕಣ್ಣು ಅವತ್ತು ಫೋನಿನಲ್ಲಿತ್ತು. ಬೈಕ್ ಎರಡನೇ ಸಲ ಬಂದಾಗಲೇ ನಾನು ಓಣಿ ಬಿಟ್ಟು ಮೆಡಿಕಲ್ ಶಾಪಿನ ಬೆಳಕಿಗೆ ಹೋಗಬಹುದಿತ್ತು. ಹಾಗಂತ ತಪ್ಪು ನನ್ನದಲ್ಲ. ಹೆಣ್ಣುಮಕ್ಕಳಿಗೆ "ನೀನ್ಯಾಕೆ ಅಲ್ಲಿಗೆ ಹೋದೆ" ಅಂತ ಕೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಪೆಪ್ಪರ್ ಸ್ಪ್ರೇ ಇಟ್ಟುಕೊಳ್ಳಿ, ಆದರೆ ಬ್ಯಾಗಿನ ತಳದಲ್ಲಿ ಅಲ್ಲ, ಕೈಗೆ ಸಿಗುವ ಹಾಗೆ. ಗಾಳಿ ನಮ್ಮ ಕಡೆ ಬೀಸುತ್ತಿದ್ದರೆ ನಮ್ಮ ಕಣ್ಣಿಗೇ ಬರುತ್ತದೆ. ಬರೀ ಮಾತಿನ ಜಗಳಕ್ಕೆ ಅದನ್ನು ತೆಗೆಯಲೇಬೇಡಿ. ಜಾಗದ ತಕರಾರಿನಲ್ಲಿ ಪೆಪ್ಪರ್ ಸ್ಪ್ರೇ ಹೊಡೆದರು ಅನ್ನುವ ಒಂದು ಕೇಸನ್ನು ರದ್ದು ಮಾಡಲು 2024ರಲ್ಲಿ ಕರ್ನಾಟಕ ಹೈಕೋರ್ಟ್ ಒಪ್ಪಲಿಲ್ಲ. ಜೀವಕ್ಕೆ ತಕ್ಷಣದ ಅಪಾಯ ಇರಲಿಲ್ಲ, ಇದು ಅಪಾಯಕಾರಿ ಆಯುಧ ಅಂತ ಹೇಳಿತು. ಚಾಕು ಅಂತೂ ಬೇಡವೇ ಬೇಡ. ಕಿತ್ತುಕೊಂಡರೆ ನಮ್ಮ ಮೇಲೇ ಬರುತ್ತದೆ.

ಹೋದ ವರ್ಷ ನನ್ನ ಹತ್ತಿರ ಕಲಿತ ಹುಡುಗಿಯೊಬ್ಬಳು ಸಂಜೆ ಫೋನ್ ಮಾಡಿದಳು. ಬಸ್ಸಿನಲ್ಲಿ ಹಿಂದೆ ನಿಂತವನು ಸೊಂಟಕ್ಕೆ ಕೈ ಹಾಕಿದ್ದ. ಕೂಗಿದಳು. ಅವನು ಬಾಯಿ ಮುಚ್ಚಲು ಬಂದ. ಮೊಣಕೈ ಬೀಸಿದಳು, ಅವನ ತುಟಿ ಒಡೆಯಿತು. "ಕೇಸ್ ಆಗುತ್ತಾ ಮೇಡಂ?" ಅಂತ ಅಳುತ್ತಿದ್ದಳು. "ಆಮೇಲೆ ಹೊಡೆದೆಯಾ?" ಅಂತ ಕೇಳಿದೆ. "ಇಲ್ಲ. ಕಂಡಕ್ಟರ್ ಹತ್ರ ಓಡಿದೆ" ಅಂದಳು.

ಅವತ್ತೇ ಠಾಣೆಗೆ ಹೋದೆವು. ಘಟನೆ ಆದದ್ದು ಬೇರೆ ಠಾಣೆಯ ಗಡಿಯಲ್ಲಿ. ಆದರೂ ಜೀರೋ ಎಫ್‌ಐಆರ್, ಅಂದರೆ ಗಡಿ ನೋಡದೆ ಯಾವ ಠಾಣೆಯಲ್ಲಾದರೂ ದಾಖಲಿಸುವ ದೂರು, ಮಾಡಿಸಬಹುದು, ಪ್ರತಿಯನ್ನು ಉಚಿತವಾಗಿ ಕೊಡಬೇಕು. ಇಂಥ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಇವೆಲ್ಲ ಗೊತ್ತಿದ್ದದ್ದರಿಂದ ಗಟ್ಟಿಯಾಗಿ ಕೂತೆವು. ಅವಳ ಮಣಿಕಟ್ಟಿನ ಕೆಂಪು ಗುರುತು, ಹರಿದ ತೋಳು, ಬಸ್ ಟಿಕೆಟ್, ಎಲ್ಲದರ ಫೋಟೋ ಮೊದಲೇ ತೆಗೆದಿದ್ದೆವು. ಬಸ್ ಸ್ಟಾಂಡಿನ ಕ್ಯಾಮೆರಾ ದೃಶ್ಯ ಅಳಿಸಿಹೋಗುವ ಮೊದಲು ತೆಗೆಸಿಕೊಳ್ಳಿ ಅಂತ ದೂರಿನಲ್ಲೇ ಕೇಳಿದೆವು.

ಬರೆಯುವಾಗ ಅವಳು ಒಂದು ಕಡೆ ನಿಂತಳು. "ನಂಗೆ ತುಂಬಾ ಭಯ ಆಯ್ತು ಅಂತ ಬರೀಬೇಕಾ ಮೇಡಂ? ಹೆದರಿಕೊಂಡೆ ಅಂತ ಬರೆಯೋಕೆ ನಾಚಿಕೆ ಆಗುತ್ತೆ."

"ಬರಿ. ಹೊಡೆದಿದ್ದಕ್ಕಿಂತ ಮೊದಲು ಅದನ್ನೇ ಬರಿ" ಅಂದೆ.

ಅವಳು ಬರೆದಳು: ಬಾಯಿ ಮುಚ್ಚಲು ಬಂದಾಗ ನನಗೆ ಭಯವಾಯಿತು, ಆದ್ದರಿಂದ ಮೊಣಕೈಯಿಂದ ಹೊಡೆದೆನು, ಅವನು ಹಿಂದೆ ಸರಿದ ಕೂಡಲೇ ನಿಲ್ಲಿಸಿದೆನು. ಕೆಳಗೆ ಸಹಿ ಹಾಕಿ, ತಾರೀಖು ಬರೆದು, ಹಾಳೆಯನ್ನು ಮೇಜಿನ ಆಚೆ ತಳ್ಳಿದಳು.